ನಾಲ್ಕು ಮೈಲಿನ ಕಾರು

ದಿನವೂ ಕೋರ್ಟಿನಲ್ಲಿ ಬೇರೆಯವರ ತಪ್ಪು ಹುಡುಕುವ ಮನುಷ್ಯನಿಗೆ ತನ್ನ ತಪ್ಪು ಕಣ್ಣಿಗೆ ಬೀಳುವುದು ಬಹಳ ತಡವಾಗಿ. ಗೋಕಾಕದ ವಕೀಲನಾದ ನನಗಂತೂ ಇಪ್ಪತ್ತು ದಿನ ಬೇಕಾಯಿತು.

ಊರು ಬಿಟ್ಟು ವಿಲಾಯತಿಗೆ ಹೊರಟ ಸಾಹೇಬನೊಬ್ಬನಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೆ. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಬೆನ್ನ ಹಿಂದೆ ಪೆಟ್ರೋಲ್ ಟ್ಯಾಂಕು. ಅದರಲ್ಲಿ ಕುಳಿತು ಪೇಟೆ ದಾಟುವಾಗ ನನ್ನ ಕುತ್ತಿಗೆ ತಾನಾಗಿ ಉದ್ದವಾಗುತ್ತಿತ್ತು. ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಅದನ್ನು ತೊಳೆದು, ಮಾಲೆ ಹಾಕಿ, ಬಾನೆಟ್ಟಿನಿಂದ ಟ್ಯಾಂಕಿನ ಮುಚ್ಚಳದವರೆಗೂ ನೀರಲ್ಲಿ ಕಲಸಿದ ವಿಭೂತಿ ಬಳಿದೆ. "ಸಾಕ್ರಿ, ಗ್ವಾಡಿಗೆ ಸುಣ್ಣಾ ಬಳದಂಗ ಬಳಿಯಾಕತ್ತೀರಲ್ಲ!" ಎಂದಳು ಹೆಂಡತಿ ಗಂಗವ್ವ. ಭಕ್ತಿಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ.

ಮರುದಿನದಿಂದ ಕಾರು ನಾಲ್ಕು ಮೈಲು ಓಡುವುದು, ಕೆಮ್ಮುವುದು, ನಿಲ್ಲುವುದು. ಗೋಕಾಕದ ಮಿಸ್ತ್ರಿ ಪ್ಲಗ್ಗು ತಿಕ್ಕಿದ, ಕಾರ್ಬುರೇಟರ್ ಬಿಚ್ಚಿದ, "ಎಂಜಿನ್ನಿಗೆ ವಯಸ್ಸಾಗೇತ್ರಿ ವಕೀಲಸಾಹೇಬ್ರ" ಎಂದು ಕೈ ಒರೆಸಿಕೊಂಡ. ಮೂಡಲಗಿಯ ಮಿಸ್ತ್ರಿಯ ಅಂಗಳಕ್ಕೆ ನನ್ನ ಕಾರು ತಲುಪಿದ್ದೇ ಎತ್ತಿನ ಗಾಡಿಯ ಹಿಂದೆ ಕಟ್ಟಿಸಿಕೊಂಡು. ಅವನೂ ಅದನ್ನೇ ಹೇಳಿದ. ಸುದ್ದಿ ಹುಕ್ಕೇರಿಯಲ್ಲಿದ್ದ ಮಾವನವರ ಕಿವಿಗೆ ಬಿತ್ತು. ಅವರು ಹೇಳಿ ಕಳಿಸಿದರು: "ದೀಪಾವಳಿಗೆ ಅಳಿಯಂದ್ರು ಕಾರು ಹೊಡಕೊಂಡ ಬರ್ಲಿ. ಎತ್ತು ಎಳಕೊಂಡ ಬಂದ್ರ ಇಲ್ಲೇ ಗುಜರಿಗೆ ಹಾಕೂಣು." ಮಾವನವರ ಮಾತು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಅನ್ನ ರುಚಿಸದಾಯಿತು.

ಹಬ್ಬಕ್ಕೆ ಗಂಗವ್ವನನ್ನು ಕೂರಿಸಿಕೊಂಡು ಹೊರಟೆ. ಗೋಕಾಕ ಫಾಲ್ಸಿನ ಏರಿನಲ್ಲೇ ಕಾರು ನಿಂತಿತು. ಹಿಂದೆ ಬರುತ್ತಿದ್ದ ಗಾಡಿಯವನು, "ಹಗ್ಗ ಐತ್ರಿ, ಕಟ್ಟಲೇನ್ರಿ?" ಎಂದು ಬಹಳ ಆಸೆಯಿಂದ ಕೇಳಿದ. ಬೇಡವೆಂದು, ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದೆ. ಪೆಟ್ರೋಲ್ ಬೇಕಾದಷ್ಟಿತ್ತು. ಸುಮ್ಮನೆ ಚಾಲೂ ಮಾಡಿದರೆ ಕಾರು ಓಡಿತು! ನಾಲ್ಕು ಮೈಲಿಗೆ ಮತ್ತೆ ನಿಂತಿತು. ಮತ್ತೆ ಕೋಲು, ಮತ್ತೆ ಓಟ. ಮೂರನೆಯ ಸಲ ನಿಂತಾಗ ನನ್ನೊಳಗಿನ ವಕೀಲ ಎಚ್ಚರಗೊಂಡ. ಎಂಜಿನ್ನನ್ನು ನಾನು ಮುಟ್ಟೇ ಇಲ್ಲ. ಪ್ರತಿ ಸಲ ಮುಟ್ಟಿದ್ದು ಮುಚ್ಚಳ ಒಂದನ್ನೇ. ಕಿವಿಯನ್ನು ಹತ್ತಿರ ಒಯ್ದು ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳನುಗ್ಗಿತು.

ಪೆಟ್ರೋಲ್ ಹೊರಗೆ ಹೋದಂತೆ ಆ ಜಾಗಕ್ಕೆ ಗಾಳಿ ಬರಬೇಕಲ್ಲ, ಅದಕ್ಕೆಂದು ಮುಚ್ಚಳದಲ್ಲಿ ಸಾಸಿವೆಯಷ್ಟು ತೂತೊಂದಿತ್ತು. ಅದರ ತುಂಬ ಕಲ್ಲಾಗಿ ಕೂತಿತ್ತು ನನ್ನ ವಿಭೂತಿ. ಗಂಗವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದುಕೊಟ್ಟಳು.

ಆಮೇಲೆ ಕಾರು ಓಡಿದ ಓಟವನ್ನು ಏನೆಂದು ಹೇಳಲಿ! ಹುಕ್ಕೇರಿಯಲ್ಲಿ ಗುಜರಿಯವನು ತಕ್ಕಡಿ ಸಮೇತ ಮಾವನವರ ಕಟ್ಟೆಯ ಮೇಲೆ ಕುಳಿತಿದ್ದ. ಹಾರ್ನ್ ಬಾರಿಸುತ್ತ ಮನೆಯನ್ನು ಎರಡು ಸುತ್ತು ಹಾಕಿದೆ. ಅವನು ತಕ್ಕಡಿ ಎತ್ತಿಕೊಂಡು ಎದ್ದುಹೋದ.

"ಏನಾಗಿತ್ರಿ ಅದಕ್ಕ?" ಎಂದರು ಮಾವನವರು.

"ಉಸಿರಾಟದ ತೊಂದ್ರಿ ಇತ್ರಿ ಮಾವಾರ. ನಾನೇ ಕಂಡುಹಿಡದ್ನಿ" ಎಂದೆ. ಅದರ ಮೂಗು ಮುಚ್ಚಿದವರಾರೆಂದು ಹೇಳಲಿಲ್ಲ.

ಸಂಜೆ ಪೂಜೆಗೆ ಕೂತಾಗ ಗಂಗವ್ವ ಎಲ್ಲರೆದುರೇ ನನ್ನ ಹಣೆಗೆ ಗಟ್ಟಿಯಾಗಿ ವಿಭೂತಿ ಬಳಿದಳು. "ದಪ್ಪ ಆತೇನೋ" ಎಂದೆ.

"ಅಂಜಬ್ಯಾಡ್ರಿ" ಎಂದಳು, "ಇಲ್ಲಿ ಒಳಗ ಗಾಳಿ ಹೋಗೂ ತೂತು ಮೊದಲಽ ಇಲ್ಲ."