ಸಮುದ್ರಕ್ಕೆ ಎರವಲು ಕೊಟ್ಟ ವಸ್ತುಗಳು

ನಮ್ಮ ಊರಿನ ಇತಿಹಾಸ ವಸ್ತುಸಂಗ್ರಹಾಲಯದ ಯಾವ ವಸ್ತುವೂ ಈವರೆಗೆ ಕಳೆದುಹೋಗಿಲ್ಲವೆಂದು ಸಂಗ್ರಹಾಲಯ ಸಮಿತಿಯ ಕಾರ್ಯದರ್ಶಿಯಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಕಳೆದ ಬಿರುಗಾಳಿಯಲ್ಲಿ ಸಮುದ್ರವು ಕಟ್ಟಡದ ಮೂರನೇ ಕೋಣೆಯನ್ನು ಹಳೆಯ ಲಂಗರು, ದೀಪಸ್ತಂಭದ ದೀಪ ಮತ್ತು ಊರಿನ ಮೊದಲ ಬಂದರು ಅಧಿಕಾರಿಯ ಕುರ್ಚಿಯ ಸಮೇತ ಒಯ್ದದ್ದು ನಿಜ. ಆದರೆ ಒಯ್ಯುವುದು ಬೇರೆ, ಕಳೆಯುವುದು ಬೇರೆ.

ಮೊದಲು ನೋಡಿದವನು ಕಾವಲುಗಾರ. ಕಟ್ಟಡಕ್ಕೆ ಅಂಟಿಕೊಂಡ ಒಂದೂವರೆ ಕೋಣೆಯ ಸರ್ಕಾರಿ ಮನೆಯಲ್ಲಿ ಅವನೂ ಹೆಂಡತಿಯೂ ಇದ್ದರು. ಒದ್ದೆ ಪ್ಯಾಂಟಿನಲ್ಲೇ ನಿರ್ದೇಶಕರ ಮುಂದೆ ಬಂದು ನಿಂತ.

“ಸಾರ್, ಮೂರನೇ ಕೋಣೆ ಇಲ್ಲ.”

“ಬೀಗ ಹಾಕಿದ್ಯೋ ಇಲ್ವೋ?”

“ಬೀಗ ಇದೆ ಸಾರ್. ಬಾಗಿಲೂ ಇದೆ. ಕೋಣೆ ಇಲ್ಲ.”

“ಬೀಗ ಇದ್ಮೇಲೆ ನಿಂದೇನೂ ತಪ್ಪಿಲ್ಲ, ಹೋಗು” ಎಂದು ನಿರ್ದೇಶಕರು ಧೈರ್ಯ ಹೇಳಿದರು.

ಅವನು ಹೋಗಲಿಲ್ಲ. ಮುಂದಿನ ಸರದಿ ತನ್ನ ಮನೆಯದು, ಕಡಲಿಗೆ ಅಡ್ಡ ಒಂದು ಗೋಡೆ ಕಟ್ಟಿಸಿಕೊಡಿ ಎಂದು ಗೋಗರೆದ. ಗೋಡೆ ಆಗಲೇ ಕಟ್ಟಿ ಮುಗಿದಿತ್ತು. ನಕ್ಷೆಯಲ್ಲಿ ದಡ ಎಲ್ಲಿದೆಯೋ ಅಲ್ಲೇ ಕಟ್ಟತಕ್ಕದ್ದೆಂದು ಆದೇಶ. ಆದೇಶ ಕೈಗೆ ಬರುವಷ್ಟರಲ್ಲಿ ನಕ್ಷೆಯ ದಡ ಸಮುದ್ರದೊಳಗಿತ್ತು. ಗುತ್ತಿಗೆದಾರ, ಅಂದರೆ ನಿರ್ದೇಶಕರ ಭಾವಮೈದ, ನಿಯಮ ಮೀರುವವನಲ್ಲ. ಅಲ್ಲೇ ಕಟ್ಟಿದನಂತೆ. ಪರಿಶೀಲನೆಗೆ ಬಂದ ಎಂಜಿನಿಯರಿಗೆ ಈಜು ಬಾರದ್ದರಿಂದ, ದಡದಿಂದ ನೋಡಿದಾಗ ಗೋಡೆಯಲ್ಲಿ ಯಾವ ಬಿರುಕೂ ಕಾಣಲಿಲ್ಲವೆಂದು ಬರೆದು ಸಹಿ ಹಾಕಿದರು.

ವಸ್ತು ಕಳೆದರೆ ನಿರ್ದೇಶಕರಿಂದ ಹಿಡಿದು ಎಲ್ಲರ ಸಂಬಳದಲ್ಲೂ ಮುರಿದುಕೊಳ್ಳತಕ್ಕದ್ದೆಂದು ನಿಯಮವಿದೆ. ಹೀಗಾಗಿ ನಮಗೆಲ್ಲ ಇತಿಹಾಸದ ಮೇಲೆ ಒಮ್ಮೆಲೇ ಕಾಳಜಿ ಹುಟ್ಟಿತು. ಸಮುದ್ರಕ್ಕೆ ನೋಟಿಸು ಕೊಟ್ಟೆವು. ನಿರ್ದೇಶಕರು ದಡದಲ್ಲಿ ನಿಂತು ಗಟ್ಟಿಯಾಗಿ ಓದಿ ಮರಳಿನ ಮೇಲಿಟ್ಟರು. ಅಲೆಯೊಂದು ಬಂದು ತೆಗೆದುಕೊಂಡು ಹೋಯಿತು. ಖುದ್ದಾಗಿ ಸ್ವೀಕರಿಸಲಾಗಿದೆ ಎಂದು ನಾನೇ ದಾಖಲಿಸಿದೆ. ಹಿಂದೆ ಊರಿನವರಿಗೆ ಕಂದಾಯದ ನೋಟಿಸು ಹಂಚಿ ಚಪ್ಪಲಿ ಸವೆಸಿದವನು ನಾನು. ಇಷ್ಟು ಮರ್ಯಾದೆಯಿಂದ ಯಾರೂ ತೆಗೆದುಕೊಂಡಿರಲಿಲ್ಲ.

ಮಾರನೆಯ ದಿನ ಸಮುದ್ರವು ಬಂದರು ಅಧಿಕಾರಿಯ ಕುರ್ಚಿಯನ್ನು ದಡಕ್ಕೆ ತಂದು ಹಾಕಿತು. ಒಂದು ಕಾಲು ಕಡಿಮೆಯಿತ್ತು. ಹಿಂದಿರುಗಿಸುವವರನ್ನು ಕಳ್ಳರೆನ್ನಲಾಗದು, ಎರವಲು ಪಡೆದವರೆನ್ನಬೇಕು ಎಂದು ಸಮಿತಿ ತೀರ್ಮಾನಿಸಿತು. ಆದರೆ ಎರವಲು ಕೊಡಬಹುದಾದದ್ದು ಇನ್ನೊಂದು ವಸ್ತುಸಂಗ್ರಹಾಲಯಕ್ಕೆ ಮಾತ್ರ. ಹಾಗಾಗಿ ಸಮುದ್ರಕ್ಕೆ ಆ ಮಾನ್ಯತೆ ಕೊಟ್ಟೆವು. ಕೊಟ್ಟ ಮೇಲೆ ನೋಡಿದರೆ ಅದರ ಸಂಗ್ರಹ ನಮ್ಮದಕ್ಕಿಂತ ದೊಡ್ಡದು, ಹಳೆಯದು, ಮೇಲಾಗಿ ರಜೆಯೇ ಇಲ್ಲ. ಮೇಲಿನವರು ಅದನ್ನೇ ಪ್ರಧಾನ ಕಚೇರಿ ಮಾಡಿ ನಮ್ಮನ್ನು ಶಾಖೆಗೆ ಇಳಿಸಿದರು. ಪ್ರಧಾನ ಕಚೇರಿಯ ಅನುದಾನವನ್ನು, ಅದರೊಳಗೆ ಕೆಲಸ ಮಾಡಿದ ಅನುಭವವಿರುವ ಏಕೈಕ ವ್ಯಕ್ತಿಯೆಂಬ ಕಾರಣಕ್ಕೆ, ಭಾವಮೈದನೇ ಪಡೆದುಕೊಂಡ.

ಅಷ್ಟರಲ್ಲಿ ಕಾವಲುಗಾರನ ಮನೆಯೂ ಹೋಯಿತು. ಹೆಂಡತಿ ಸ್ಟೌವನ್ನೂ ಎರಡು ಪಾತ್ರೆಗಳನ್ನೂ ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಬಂದಳು. ಅವಳು ಮಾಡಿದ ಚಹಾ ಕುಡಿಯದ ದಿನವಿಲ್ಲ ನನಗೆ. ಮುಖ ನೋಡಲಾಗದೆ ಕಡತ ನೋಡಿದೆ. ಮನೆ ಕಳೆದಿದೆ ಎಂದು ಬರೆಯುವಂತಿರಲಿಲ್ಲ. ಅದನ್ನೂ ಎರವಲು ಕೊಟ್ಟಿದ್ದೇವೆಂದು ಬರೆದು, ಮನೆ ಹೋದಲ್ಲಿಗೆ ನೌಕರನೂ ಹೋಗತಕ್ಕದ್ದೆಂದು ಕಾವಲುಗಾರನನ್ನು ಪ್ರಧಾನ ಕಚೇರಿಗೆ ವರ್ಗ ಮಾಡಿದೆವು.

ತನಗೆ ಈಜು ಬರುವುದಿಲ್ಲ ಎಂದ. ಎಂಜಿನಿಯರಿಗೂ ಬರುವುದಿಲ್ಲ, ಅವರ ಕೆಲಸವೇನೂ ನಿಂತಿಲ್ಲ ಎಂದು ಸಮಾಧಾನ ಹೇಳಿದೆವು.

“ಅಲ್ಲಿ ಮನೆ ಕೊಡ್ತಾರಾ?” ಎಂದಳು ಹೆಂಡತಿ.

“ನಿಮ್ಮನೆ ಆಗಲೇ ಅಲ್ಲಿದೆಯಲ್ಲಮ್ಮ. ಹುಡುಕ್ಕೋಬೇಕು ಅಷ್ಟೆ” ಎಂದರು ನಿರ್ದೇಶಕರು.

ಮರುದಿನ ಅವನು ಪ್ಯಾಂಟು ಮಡಚಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಲಸಕ್ಕೆ ಹಾಜರಾದ. ನಮ್ಮ ಲೆಕ್ಕಾಚಾರ ತಪ್ಪಿದ್ದು ಇಲ್ಲೇ. ಪ್ರಧಾನ ಕಚೇರಿಯ ಯಾವ ನೌಕರನಾದರೂ ಶಾಖೆಯ ಎಲ್ಲರಿಗಿಂತ ಮೇಲಿನವನೆಂದು ನಿಯಮ. ಸಂಜೆ ಅವನು, ಕ್ಷಮಿಸಿ, ಅವರು ತಪಾಸಣೆಗೆ ಬಂದಾಗ ನಿರ್ದೇಶಕರು ತಮ್ಮ ಕುರ್ಚಿ ಬಿಟ್ಟುಕೊಟ್ಟು ಮೂರು ಕಾಲಿನದರಲ್ಲಿ ಹುಷಾರಾಗಿ ಕೂತರು. ಕಾವಲುಗಾರರು ಸಿಟ್ಟು ಮಾಡಲಿಲ್ಲ, ಹಳೆಯದನ್ನು ಕೆದಕಲಿಲ್ಲ.

“ದಿನವಿಡೀ ಅಲ್ಲೇ ಇದ್ದೆ. ಗೋಡೆ ಎಲ್ಲೂ ಕಾಣ್ಲಿಲ್ವಲ್ಲ ಸಾರ್?” ಎಂದರು.

ಗೋಡೆ ಕಟ್ಟೇ ಇಲ್ಲ ಎನ್ನಲು ಎಂಜಿನಿಯರರ ಸಹಿ ಅಡ್ಡ ಬಂತು. ಗೋಡೆ ಕಳೆದಿದೆ ಎಂದೂ ಹೇಳುವಂತಿರಲಿಲ್ಲ. ಅಂದಿನಿಂದ ಭಾವಮೈದ ಸೊಂಟದುದ್ದ ನೀರಿನಲ್ಲಿ ಕಾಲಿನಿಂದ ತಡವುತ್ತ ಗೋಡೆ ಹುಡುಕುತ್ತಿದ್ದಾನೆ. ಸಿಗುವವರೆಗೆ ಹುಡುಕತಕ್ಕದ್ದೆಂದು ಪ್ರಧಾನ ಕಚೇರಿಯ ಆದೇಶ. ಊರಿನವರು ಮಕ್ಕಳುಮರಿ ಕಟ್ಟಿಕೊಂಡು ನೋಡಲು ಬರುತ್ತಾರೆ. ಇಷ್ಟು ಜನ ಲಂಗರು ನೋಡಲು ಎಂದೂ ಬಂದಿರಲಿಲ್ಲ. ಟಿಕೆಟ್ ಕೊಡುವುದು ಕಾವಲುಗಾರರ ಹೆಂಡತಿ, ನಿರ್ದೇಶಕರ ಕೋಣೆಯ ಕಿಟಕಿಯಿಂದ. ಪ್ರಧಾನ ಕಚೇರಿಯವರಿಗೆ ವಸತಿ ಒದಗಿಸತಕ್ಕದ್ದೆಂಬ ನಿಯಮದಂತೆ ಆ ಕೋಣೆ ಈಗ ಅವರದು.

ನೀರು ಆ ಕೋಣೆಯ ಹಿಂದಿನ ಗೋಡೆಗೂ ಬಂದು ತಾಗಿದೆ. ಭಯವಾಗುವುದಿಲ್ಲವೇ ಎಂದು ನಿನ್ನೆ ಕಾವಲುಗಾರರ ಹೆಂಡತಿಯನ್ನು ಕೇಳಿದೆ.

“ಯಾಕಣ್ಣ ಭಯ? ಈಗ ಅದು ನಮ್ಮೋರ ಆಫೀಸೇ ಅಲ್ವಾ? ಒಳಗೆ ಬರೋಕ್ ಮುಂಚೆ ನಮ್ಮನ್ನ ಕೇಳ್ಬೇಕು” ಎಂದರು ಆಕೆ, ಚಹಾ ಸೋಸುತ್ತ.

ಆ ಕುರಿತು ಸಮುದ್ರಕ್ಕೆ ಇಂದು ಬೆಳಿಗ್ಗೆ ಸುತ್ತೋಲೆ ಕಳುಹಿಸಿದ್ದೇವೆ. ಖುದ್ದಾಗಿ ಸ್ವೀಕರಿಸಲಾಗಿದೆ.