ಟ್ರ್ಯಾಕ್ಟರ್ ಸೀಟಿನ ದೋಣಿ

ಯಾವುದೇ ವಸ್ತುವನ್ನು ಕೊಳ್ಳುವುದಕ್ಕಿಂತ ಅದರ ಜೊತೆಗೆ ಸಿಗುವ ಚಿಲ್ಲರೆ ಸಾಮಾನುಗಳನ್ನು ಆರಿಸುವುದರಲ್ಲೇ ನನಗೆ ಹೆಚ್ಚು ಸುಖ. ಸ್ಕೂಟರ್ ತರಲು ಹೋದವನು ಇಂಜಿನ್ನಿನ ಬಗ್ಗೆ ಒಂದು ಮಾತೂ ಕೇಳದೆ, ಕನ್ನಡಿ ದುಂಡಗಿನದು ಚೆಂದವೋ ಉದ್ದನೆಯದು ಚೆಂದವೋ ಎಂದು ಅರ್ಧ ದಿನ ಅಂಗಡಿಯಲ್ಲಿ ನಿಂತಿದ್ದೆ. ಮಿಕ್ಸರ್ ತಂದಾಗ ಹಣ್ಣಿನ ರಸ ತೆಗೆಯುವ ಜಾರು ಬೇಕೇ ಬೇಕೆಂದು ಹಟ ಹಿಡಿದೆ; ಅದರಲ್ಲಿ ಈಗ ನನ್ನ ಹೆಂಡತಿ ಸುವರ್ಣಾ ಹುಣಸೆಹಣ್ಣು ತುಂಬಿಟ್ಟಿದ್ದಾಳೆ. ಕಲಬುರಗಿಯ ಒಂದು ಕಾಲೇಜಿನ ಕಚೇರಿಯಲ್ಲಿ ಬೆಂಚು, ಫ್ಯಾನು, ಸೀಮೆಸುಣ್ಣ ಏನೇ ತರಿಸಬೇಕಾದರೂ ಅದು ನನ್ನ ಕೆಲಸ. ಅಲ್ಲಿ ನನ್ನ ಮಾತಿಗೆ ಬೆಲೆಯಿದೆ. ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ಮಾತ್ರ ಕಸಬರಿಗೆ ತರಲು ಕಳಿಸುವಾಗಲೂ ಸುವರ್ಣಾ, "ಬರೇ ಕಸಬರಿಗಿ ತರ್ರಿ. ಅದಕ್ಕ ಜೋಡಿ ಏನೂ ತರಬ್ಯಾಡ್ರಿ" ಎಂದು ಎಚ್ಚರಿಕೆ ಕೊಟ್ಟೇ ಕಳಿಸುತ್ತಾಳೆ.

ಇಂಥ ನನ್ನ ಪಾಲಿಗೆ ಒಂದು ದೋಣಿ ಮಾಡಿಸುವ ಯೋಗ ಬಂತು. ಕಲಬುರಗಿಯಲ್ಲಿ ನಿಂತು "ದೋಣಿ ಮಾಡಿಸಬೇಕು" ಎಂದರೆ ಕೇಳಿದವರು ಮೊದಲು ನಿಮ್ಮ ಹಣೆ ಮುಟ್ಟಿ ಜ್ವರವಿದೆಯೇ ನೋಡುತ್ತಾರೆ. ನಲ್ಲಿಯಲ್ಲಿ ನೀರು ಬಂದರೆ ಅಕ್ಕಪಕ್ಕದವರನ್ನು ಕೂಗಿ ಹೇಳುವ ಊರು ನಮ್ಮದು. ಆದರೆ ನನ್ನ ಅಣ್ಣ ಸಾಯಬಣ್ಣ ಇರುವುದು ನಮ್ಮ ಹುಟ್ಟೂರು ಕಮಲಾಪುರದಲ್ಲಿ. ಅಲ್ಲಿನ ಕೆರೆಯಲ್ಲಿ ಮೀನು ಹಿಡಿಯುವುದು ಅವನ ಕೆಲಸ. ಅಪ್ಪ ಮಾಡಿದ್ದೂ ಅದನ್ನೇ. ನಾನು ಕಚೇರಿ ಸೇರಿದೆ, ಅಣ್ಣ ನೀರಿನಲ್ಲೇ ಉಳಿದ. ನೆಲದ ಮೇಲೆ ಅವನು ಎಲ್ಲರಂತೆ ಒಬ್ಬ ಮನುಷ್ಯ, ಸಂತೆಯಲ್ಲಿ ತಳ್ಳಿದರೆ ಸುಮ್ಮನೆ ಪಕ್ಕಕ್ಕೆ ಸರಿಯುವವನು. ತೆಪ್ಪ ಹತ್ತಿದನೆಂದರೆ ಮಾತ್ರ ಅವನ ಕುತ್ತಿಗೆ ನೆಟ್ಟಗಾಗುತ್ತದೆ, ದನಿ ದಪ್ಪವಾಗುತ್ತದೆ.

ಒಂದು ದಿನ ವೈನಿಯ ಫೋನು ಬಂತು. ಅಣ್ಣನ ಹೆಂಡತಿ ಮಲ್ಲಮ್ಮ ವೈನಿ ಸುಮ್ಮನೆ ಫೋನು ಮಾಡುವವರಲ್ಲ. "ನೋಡಪಾ, ನಿಮ್ಮಣ್ಣ ಬಾಯಿ ಬಿಟ್ಟು ಹೇಳಾಂಗಿಲ್ಲ. ಮೊಣಕಾಲ ಮಡಚಾಕ ಬರವಲ್ದು. ತೆಪ್ಪದಾಗ ಕುಕ್ಕರಗಾಲಿಲೆ ಕೂತ್ರ ಎಬ್ಬಸಾಕ ಇಬ್ಬರು ಬೇಕು. ದವಾಖಾನ್ಯಾಗ ಇನ್ನ ಹಾಂಗ ಕೂಡಬ್ಯಾಡ ಅಂದಾರ. ನಂದೂರದಾಗ ಯಾವುದೋ ದಾಲ್ ಮಿಲ್ಲಿಗೆ ವಾಚ್‌ಮನ್ ಬೇಕಂತ. ಹೋಗ್ತೀನಿ ಅಂತ ಒಪ್ಕೊಂಡು ಬಂದಾರ. ಬಂದಾಗಿಂದ ಊಟಾನ ಸರಿ ಮಾಡವಲ್ರು" ಎಂದರು.

ಅಣ್ಣ ಖಾಕಿ ಅಂಗಿ ಹಾಕಿಕೊಂಡು ಮಿಲ್ಲಿನ ಗೇಟಿನಲ್ಲಿ ನಿಂತು ಲಾರಿಗಳಿಗೆ ಸಲಾಮು ಹೊಡೆಯುವುದನ್ನು ನೆನೆಸಿಕೊಂಡೆ. ವಾಚ್‌ಮನ್ ಕೆಲಸ ಕೀಳೆಂದಲ್ಲ, ಆದರೆ ನನ್ನ ಅಣ್ಣ ಬದುಕಿರುವುದು ನೀರಿನ ಮೇಲೆ. ಕೂಡಲೇ ಅವನಿಗೆ ಫೋನು ಮಾಡಿ, "ಅಣ್ಣಾ, ತೆಪ್ಪ ಬಿಡು. ಫೈಬರಿನ ದೋಣಿ ಮಾಡಸೂಣು. ನಡುವ ಒಂದು ಕುರ್ಚಿ ಕೂಡಸೂಣು. ಕಾಲ ಚಾಚಿ ಕೂತು ಬಲೆ ಬೀಸು" ಎಂದೆ. ಅಣ್ಣ, "ಕುರ್ಚಿ ಮ್ಯಾಲ ಕೂತು ಯಾರರ ಮೀನ ಹಿಡೀತಾರೇನೋ? ದಂಡಿ ಮ್ಯಾಲ ನಿಂತು ಮಂದಿ ನಗ್ತಾರ, 'ಸಾಯಬಣ್ಣಗ ವಯಸ್ಸಾತು, ಕುರ್ಚಿ ಹಾಕ್ಕೊಂಡಾನ' ಅಂತಾರ. ಕುರ್ಚಿ ಮ್ಯಾಲ ಕೂಡೋದಾದ್ರ ಮಿಲ್ಲಿನ ಗೇಟಿಗೇ ಹೋಗಿ ಕೂಡ್ತೀನಿ. ದೋಣಿ ಬೇಕಾದ್ರ ಮಾಡ್ಸು, ಕುರ್ಚಿ ಇದ್ರ ನಾ ಹತ್ತಾಂಗಿಲ್ಲ" ಎಂದು ಫೋನಿಟ್ಟ.

ದುಡ್ಡಿನ ವ್ಯವಸ್ಥೆ ಹೇಗೋ ಆಯಿತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಬಿಡಿ. ತೊಡಕು ಬೇರೆಯೇ ಇತ್ತು. ಕುರ್ಚಿಯಿಲ್ಲದ ದೋಣಿ ಅಣ್ಣನ ಮೊಣಕಾಲಿಗೆ ಆಗದು, ಕುರ್ಚಿಯಿರುವ ದೋಣಿ ಅಣ್ಣನಿಗೇ ಆಗದು. ಸದ್ಯ ದೋಣಿಯನ್ನಾದರೂ ಶುರು ಮಾಡಿಸೋಣವೆಂದು ನಂದೂರಕ್ಕೆ ಹೋದೆ. ಅಲ್ಲಿ ಮೆಹಬೂಬ್ ಉಸ್ತಾದ್ ಎಂಬುವರ ಒಂದು ವರ್ಕ್‌ಶಾಪಿದೆ. ಅವರು ಮಾಡುವುದು ಫೈಬರಿನ ನೀರಿನ ಟ್ಯಾಂಕು. ದೋಣಿಯನ್ನು ಅವರು ಮಾಡಿರುವುದಿರಲಿ, ಹತ್ತಿರದಿಂದ ನೋಡಿಯೂ ಇರಲಿಲ್ಲ. ಆದರೂ ನಾನು ವಿಷಯ ಹೇಳುತ್ತಲೇ ಒಂದಿಷ್ಟೂ ಗಾಬರಿಯಾಗದೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, "ಆತ್ರಿ ಸಾಹೇಬ್ರ. ಎಷ್ಟು ಲೀಟರಿನ ದೋಣಿ?" ಎಂದರು.

"ಉಸ್ತಾದ್, ದೋಣಿಯೊಳಗ ನೀರು ತುಂಬಾಂಗಿಲ್ರೀ. ನೀರು ಹೊರಗಿರ್ತದ" ಎಂದೆ.

"ಫಿಕರ್ ಮಾಡಬ್ಯಾಡ್ರಿ. ಒಳಗಿನ ನೀರು ಹೊರಗ ಬಿಡದ ಮಾಲು ಹೊರಗಿನ ನೀರು ಒಳಗ ಬಿಡ್ತದೇನ್ರಿ? ಮಾಲು ಅದೇ. ಮುಚ್ಚಳ ಹ್ಯಾಂಗ ಬೇಕು ಹೇಳ್ರಿ, ತಿರುವೋದೋ, ಸುಮ್ನ ಇಡೋದೋ?"

ಮುಚ್ಚಳ ಬೇಡವೆಂದು ಒಪ್ಪಿಸಲು ಒಂದು ಚಹಾ ಆಯಿತು. ಮುಂದೆ ಬಣ್ಣದ ಪ್ರಶ್ನೆ ಬಂದಾಗ ನನಗೆ ನಿಜವಾದ ಹುರುಪು ಬಂತು. ಗೋಡೆಗೆ ತೂಗುಹಾಕಿದ್ದ ಬಣ್ಣದ ತುಂಡುಗಳನ್ನೆಲ್ಲ ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆ, ಬಕೆಟ್ಟಿನ ನೀರಲ್ಲಿ ಅದ್ದಿ ನೋಡಿದೆ. ಎಲ್ಲ ಕಡೆಯಿಂದ ಸಲಹೆಗಳೂ ಬಂದವು. ದಂಡೆಯಿಂದ ಕಾಣಬೇಕು, ಹಳದಿ ಇರಲಿ ಎಂದರು ವೈನಿ. ಬುತ್ತಿ ಗಂಟು ತೂಗುಹಾಕಲು ಒಂದು ಕೊಂಡಿ ಇರಲಿ ಎಂದೂ ಹೇಳಿದರು. ರಾತ್ರಿ ಯಾರಾದರೂ ಒಯ್ದರೆ ಏನು ಮಾಡುವುದು, ಸರಪಳಿಗೆ ಬೀಗ ಹಾಕುವಂಥ ಬಳೆ ಬೇಕು ಎಂದಳು ಸುವರ್ಣಾ. ಕಚೇರಿಯ ಸಹೋದ್ಯೋಗಿಯೊಬ್ಬರಂತೂ ಗಂಭೀರವಾಗಿ, "ಮಡ್‌ಗಾರ್ಡ್ ಹಾಕ್ಸ್ರಿ, ರಾಡಿ ಸಿಡಿಯಾಂಗಿಲ್ಲ" ಎಂದರು. ನಾವು ಬಯಲುಸೀಮೆಯ ಜನ. ಓಡಾಡುವ ವಸ್ತು ಯಾವುದೇ ಇರಲಿ, ನಮ್ಮ ಕಣ್ಣಿಗೆ ಅದು ಬೈಕು ಇಲ್ಲವೇ ಟ್ರ್ಯಾಕ್ಟರು. ನಾನು ನಕ್ಕೆ. ನಕ್ಕು, ಮಡ್‌ಗಾರ್ಡ್ ಆಗುತ್ತದೆಯೇ ಎಂದು ಉಸ್ತಾದರನ್ನು ಗುಟ್ಟಾಗಿ ಕೇಳಿಯೂ ನೋಡಿದೆ.

ನಂದೂರದಿಂದ ವಾಪಸು ಬರುವಾಗ ದಾರಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ಅಂಗಡಿಯ ಮುಂದೆ ಸ್ಕೂಟರ್ ತಾನಾಗಿಯೇ ನಿಂತಿತು. ಮುಂದಿನ ಕಬ್ಬಿಣದ ಕಂಬಿಗೆ ಸೀಟುಗಳನ್ನು ಸಾಲಾಗಿ ತೂಗುಹಾಕಿದ್ದರು. ಹಿಂದೆ ಬೆನ್ನಿಗೆ ಸ್ವಲ್ಪ ಆಸರೆ, ಕೆಳಗೆ ನೀರು ಹರಿದುಹೋಗಲು ತೂತು, ಕಪ್ಪು ಹೊದಿಕೆಗೆ ಕೆಂಪು ಅಂಚು. ನೋಡುತ್ತ ನಿಂತವನಿಗೆ ಥಟ್ಟನೆ ಹೊಳೆಯಿತು. ಕುರ್ಚಿಯ ಮೇಲೆ ಕೂತವನನ್ನು ನೋಡಿ ಕಮಲಾಪುರದ ಜನ ನಗಬಹುದು. ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತವನನ್ನು ನೋಡಿ ನಗುವ ಗಂಡು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ! ಅವನಿಗೆ ದಾರಿ ಬಿಡುತ್ತಾರೆ, ನಮಸ್ಕಾರ ಮಾಡುತ್ತಾರೆ, ಯಾವ ಕಡೆ ಹೊಂಟೀರಿ ಎಂದು ಕೇಳುತ್ತಾರೆ. ಅದು ವಯಸ್ಸಾದವರು ಕೂರುವ ಜಾಗವಲ್ಲ, ಯಜಮಾನ ಕೂರುವ ಜಾಗ. ಇಷ್ಟು ವರ್ಷ ನಾನು ಆರಿಸಿ ತಂದ ಕನ್ನಡಿ, ಕವರು, ಜಾರು ಎಲ್ಲವೂ ಈ ಒಂದು ಸೀಟಿಗಾಗಿ ಮಾಡಿದ ಅಭ್ಯಾಸವೆಂದು ನನಗೆ ಖಾತ್ರಿಯಾಯಿತು.

ಸೀಟನ್ನು ಸ್ಕೂಟರಿಗೆ ಕಟ್ಟಿಕೊಂಡು ಮತ್ತೆ ನಂದೂರಕ್ಕೆ ಹೋದೆ. ಅದರ ಕೆಳಗಿನ ಸ್ಪ್ರಿಂಗನ್ನೂ ತಂದಿದ್ದೆ. ಉಸ್ತಾದರು ಸೀಟನ್ನು ಒಪ್ಪಿದರು, ಸ್ಪ್ರಿಂಗನ್ನು ಒಪ್ಪಲಿಲ್ಲ. "ಸಾಹೇಬ್ರ, ನಮ್ಮ ರೋಡಿನಾಗ ಗುಂಡಿ ಅದಾವ, ಸ್ಪ್ರಿಂಗ್ ಬೇಕು. ಕೆರ್ಯಾಗ ಗುಂಡಿ ಎಲ್ಲಿ ಅದಾವ್ರಿ? ಎತ್ತರಾದ್ರ ದೋಣಿ ಮಗಚ್ತದ" ಎಂದರು. ಮನಸ್ಸಿಲ್ಲದ ಮನಸ್ಸಿನಿಂದ ಸ್ಪ್ರಿಂಗನ್ನು ಮನೆಗೆ ತಂದೆ. ಸುವರ್ಣಾ ಅದನ್ನು ನೋಡಿ ಏನನ್ನೂ ಕೇಳದೆ ಹುಣಸೆಹಣ್ಣಿನ ಜಾರಿನ ಪಕ್ಕಕ್ಕೆ ಇಟ್ಟಳು.

ದೋಣಿ ತಯಾರಾಯಿತೆಂದು ಉಸ್ತಾದರು ಕರೆದರು. ಹಳದಿ ಬಣ್ಣ ಫಳಫಳ ಹೊಳೆಯುತ್ತಿತ್ತು. ನಡುವೆ ತಗ್ಗಿನ ಹಲಗೆಯ ಮೇಲೆ ಸೀಟು ಗಟ್ಟಿಯಾಗಿ ಕೂತಿತ್ತು. ಸುತ್ತ ಒಂದು ಸುತ್ತು ಬಂದೆ. ಬಗ್ಗಿ ತಳ ನೋಡಿದೆ. ತಳದ ಮೂಲೆಯಲ್ಲಿ ಒಂದು ದುಂಡನೆಯ ತೂತು!

"ಉಸ್ತಾದ್! ಇದೇನ್ರಿ ಇದು?"

"ನಲ್ಲಿ ಕೂಡಸಾಕ್ರಿ" ಎಂದವರೇ ನಾಲಿಗೆ ಕಚ್ಚಿಕೊಂಡರು. ಟ್ಯಾಂಕು ಮಾಡಿ ಮಾಡಿ ಪಳಗಿದ ಕೈ. ತಳಕ್ಕೆ ಬಂದ ಕೂಡಲೇ ಯಾರನ್ನೂ ಕೇಳದೆ ತನ್ನಷ್ಟಕ್ಕೆ ತಾನೇ ತೂತು ಹೊಡೆದುಬಿಟ್ಟಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಉಸ್ತಾದರು ಮಾತ್ರ ಸ್ವಲ್ಪ ಹೊತ್ತಿನಲ್ಲೇ ಸುಧಾರಿಸಿಕೊಂಡು ಹಿತ್ತಾಳೆಯ ತಿರುಪಿನ ಬಿರಡೆಯೊಂದನ್ನು ತಂದು, ರಬ್ಬರ್ ವಾಷರ್ ಹಾಕಿ ಬಿಗಿದರು. "ಮೀನ ಹಿಡದು ದಂಡಿಗೆ ಬಂದ ಮ್ಯಾಲ ತೊಳೀಬೇಕಲ್ರಿ? ಬಿರಡೆ ತೆಗದ್ರ ನೀರೆಲ್ಲ ಹೊರಗ. ಇಂಥಾ ಸೌಲತ್ತು ಯಾರ ದೋಣಿಯಾಗೈತಿ ಹೇಳ್ರಿ" ಎಂದರು. ಕೇಳಲು ಚೆನ್ನಾಗಿಯೇ ಇತ್ತು. ಆದರೂ ಅದರ ಮೇಲೆ ಕೂರುವವನು ನನ್ನ ಅಣ್ಣ.

ಸುವರ್ಣಾಳನ್ನೂ ಕರೆದುಕೊಂಡು ಹೋಗಿ ಕಮಲಾಪುರದ ಕೆರೆಯ ದಂಡೆಯಲ್ಲಿ ಟೆಂಪೋದಿಂದ ದೋಣಿ ಇಳಿಸಿದಾಗ ಬೆಳಗಿನ ಬಿಸಿಲು ಏರುತ್ತಿತ್ತು. ಮೀನು ಹಿಡಿಯುವವರೆಲ್ಲ ಬಲೆ ಬಿಟ್ಟು ಬಂದು ಸುತ್ತ ನಿಂತರು. ವೈನಿ ಕುಂಕುಮ ಹಚ್ಚಿ ಕಾಯಿ ಒಡೆದರು. ನಿಂಬೆಹಣ್ಣುಗಳನ್ನು ಚಕ್ರದ ಕೆಳಗೆ ಇಡಬೇಕು ಎಂದು ಯಾರೋ ಹೇಳಿದರು, ಚಕ್ರ ಹುಡುಕಿ ಸಿಗದೆ ದೋಣಿಯ ಮೂತಿಯ ಕೆಳಗೆ ಇಟ್ಟರು. ಅಣ್ಣ ಮಾತ್ರ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಅವನ ಕಣ್ಣು ಸೀಟಿನ ಮೇಲೇ ಇತ್ತು. ಮುಖ ಬಿಗಿಯಾಯಿತು. "ಬ್ಯಾಡ ಅಂತ ಹೇಳಿದ್ದೆನಲ್ಲೋ" ಎಂದ.

ಇಷ್ಟು ದಿನ ತಾಲೀಮು ಮಾಡಿದ್ದ ಮಾತನ್ನು ಶುರು ಮಾಡಲು ಹೋದೆ. ಅಷ್ಟರಲ್ಲಿ ಗುಂಪಿನಲ್ಲಿದ್ದ ಅಣ್ಣನ ಓರಗೆಯವನೊಬ್ಬ ಸೀಟಿನ ಮೇಲೆ ಕೈಯಾಡಿಸಿ, "ಏ ಸಾಯಬಣ್ಣಾ, ಟ್ರ್ಯಾಕ್ಟರ್ ಸೀಟು ಹಾಕ್ಸೀಯಲ್ಲೋ! ಇನ್ನ ನಿನ್ನ ಹಿಡಿಯೋರು ಯಾರಪಾ!" ಎಂದ. ಆ ದನಿಯಲ್ಲಿ ಶುದ್ಧ ಹೊಟ್ಟೆಕಿಚ್ಚು ಕೇಳಿಸಿತು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಮಾತನ್ನು ನಾನು ಕೇಳಿಲ್ಲ.

ಅಣ್ಣ ಕಟ್ಟಿದ್ದ ಕೈ ಬಿಟ್ಟ. ಹೊಸ ಟ್ರ್ಯಾಕ್ಟರನ್ನು ನೋಡುವವರ ಹಾಗೆ ದೋಣಿಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದ. ಸೀಟನ್ನು ಎರಡು ಸಲ ಗುದ್ದಿದ. "ಕೈ ತೆಗಿಯೋ, ಹೊಲಸಾಗ್ತದ" ಎಂದು ಓರಗೆಯವನನ್ನು ಗದರಿಸಿದ. ಹತ್ತಿ ಕೂತು, ಕಾಲು ಮುಂದಕ್ಕೆ ಚಾಚಿ, ಬೆನ್ನು ಆನಿಸಿ, ಹುಟ್ಟು ಕೈಗೆ ತೆಗೆದುಕೊಂಡ. ದಂಡೆಯವರು ನೂಕಿದರು. ದೋಣಿ ಒಮ್ಮೆ ಎಡಕ್ಕೆ ವಾಲಿತು. ವೈನಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಕಣ್ಣು ಬಿರಡೆಯ ಜಾಗ ಬಿಟ್ಟು ಕದಲಲಿಲ್ಲ. ಅಣ್ಣ ಎರಡು ಹುಟ್ಟು ಹಾಕಿದ, ದೋಣಿ ನೆಟ್ಟಗಾಯಿತು, ಮತ್ತೆ ನಾಲ್ಕು ಹಾಕಿದ, ನೀರು ಸೀಳಿಕೊಂಡು ಹೊರಟೇಬಿಟ್ಟ. ನಡುಗೆರೆಯಲ್ಲಿ ಬಲೆ ಬಿಟ್ಟು, ಅಲ್ಲಿಂದಲೇ ದಪ್ಪ ದನಿಯಲ್ಲಿ ಯಾರನ್ನೋ ಬೈದ. ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಕೇಳಿದ್ಯೇನಪಾ, ಬೈಯಾಕತ್ತಾರ!" ಎಂದು ನಕ್ಕರು. ನನಗೂ ಕಣ್ಣು ಮಂಜಾಯಿತು. ಗೆದ್ದೆ ಎನ್ನಿಸಿತು. ಸುವರ್ಣಾ ಕೂಡ, "ಈ ಒಂದು ಸಾಮಾನು ಮಾತ್ರ ಚಲೋ ತಂದ್ರಿ ನೋಡ್ರಿ" ಎಂದಳು. ನಾಲ್ವರು ಮೀನುಗಾರರು ಆ ಸೀಟು ಎಲ್ಲಿ ಸಿಗುತ್ತದೆಂದು ವಿಳಾಸ ಕೇಳಿದರು. ನಾನು ಹೇಳುವಾಗ, ಬಣ್ಣದ ವಿಷಯದಲ್ಲೂ ನನ್ನ ಸಲಹೆ ತೆಗೆದುಕೊಳ್ಳಬಹುದೆಂದು ಸೂಚಿಸಿದೆ.

ಅಣ್ಣ ಮೀನು ತುಂಬಿಕೊಂಡು ದಂಡೆಗೆ ಬಂದು, "ಬಾ ತಮ್ಮಾ, ಒಂದು ಸುತ್ತು ಹಾಕಿಸ್ತೀನಿ" ಎಂದು ಕರೆದ. ವಿಜಯಿಯಂತೆ ಹತ್ತಿದೆ. ಹತ್ತಿದ ಮೇಲೆ ನೋಡುತ್ತೇನೆ, ಕೂರಲು ಜಾಗವಿಲ್ಲ. ಬುತ್ತಿಗೆ ಕೊಂಡಿಯಿತ್ತು, ಬೀಗಕ್ಕೆ ಬಳೆಯಿತ್ತು, ತಳಕ್ಕೆ ಬಿರಡೆಯಿತ್ತು, ಎರಡನೆಯ ಮನುಷ್ಯನಿಗೆ ಏನೂ ಇರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಅಣ್ಣನ ಕಾಲಬುಡದಲ್ಲಿ, ಒದ್ದಾಡುವ ಕಟ್ಲಾ ಮೀನುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತೆ. ಅಣ್ಣ ಮೇಲೆ ಸೀಟಿಗೆ ಒರಗಿ, ಕೆರೆಯ ಒಂದೊಂದು ಮೂಲೆಯನ್ನೂ ತೋರಿಸುತ್ತ ಬಹಳ ಹೊತ್ತು ಸುತ್ತಾಡಿಸಿದ. ದಂಡೆಗೆ ಬಂದಾಗ ಅವನು ಹುಟ್ಟು ಊರಿಕೊಂಡು ಸಲೀಸಾಗಿ ಇಳಿದ. ನಾನು ಏಳಲು ಹೋದೆ. ಮೊಣಕಾಲು ಕಟ್ಟಿಕೊಂಡಿದ್ದವು. ಎಡಗಡೆ ವೈನಿ, ಬಲಗಡೆ ಸುವರ್ಣಾ ಹಿಡಿದು ಎಳೆಯತೊಡಗಿದರು. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತು, ತಿಂಗಳುಗಟ್ಟಲೆ ನಗದವನು ಮೈಯೆಲ್ಲ ಕುಲುಕಿಸಿ ನಗುತ್ತ, "ತಮ್ಮಾ, ನಾ ಅಂತೂ ಹೋಗಾಂಗಿಲ್ಲ, ಮಿಲ್ಲಿನವರಿಗೆ ಇನ್ನ ಬ್ಯಾರೆ ವಾಚ್‌ಮನ್ ಬೇಕಾಗ್ತಾನ. ನಿನ್ನ ಹೆಸರು ಹೇಳ್ಲೇನು?" ಎಂದ. ನನಗೂ ನಗಬೇಕೆನಿಸಿತು, ಆದರೆ ಅದಕ್ಕೆ ಮೊದಲು ಯಾರಾದರೂ ನನ್ನನ್ನು ನೆಟ್ಟಗೆ ನಿಲ್ಲಿಸಬೇಕಿತ್ತು.