ದೊರೆಯ ದಂಡಿಗೆ ಮೂಟೆ ಹೊತ್ತವರು

ಬಣ್ಣದ ವಿಷಯದಲ್ಲಿ ನನಗೆ ಹೇಳಿಕೊಡುವವನು ಕೊಯಮತ್ತೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವದು. ಬೆಟ್ಟದ ಮೇಲಿನ ಪೈಕಾರ ಹೊಳೆಯಿಂದ ಕರೆಂಟು ಬಂದ ಹೊಸತು, ಎಲ್ಲಿ ನೋಡಿದರೂ ಮಿಲ್ಲು ಏಳುತ್ತಿದ್ದವು. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಣ್ಣ ಕುದಿಸುವ ಬಾನಿಗೆ ಕೈಯಿಟ್ಟ ನಾನು ಅಂಥದೊಂದು ಮಿಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ಮೇಸ್ತ್ರಿಯಾಗಿದ್ದೆ.

ನಮ್ಮ ಮ್ಯಾನೇಜರ್ ದೊರೆಗೆ ಒಂದು ಖಯಾಲಿ. ಭಾನುವಾರ ಬಂಗಲೆಯ ಮೇಜಿನ ಮೇಲೆ ಹೆಬ್ಬೆರಳುದ್ದದ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ಯಾವ ಕಾಲದಲ್ಲೋ ಮುಗಿದುಹೋದ ಯುದ್ಧಗಳನ್ನು ಸ್ನೇಹಿತರೊಡನೆ ಮತ್ತೆ ಆಡುವುದು. ದಂಡಿಗೆ ಅಕ್ಕಿ, ಮದ್ದು ಹೊರುವ ಸೀಸದ ಕೂಲಿಗಳು ಮಾತ್ರ ಬಣ್ಣವಿಲ್ಲದೆ ಬಂದಿದ್ದರು. ಆ ಪೆಟ್ಟಿಗೆಯನ್ನು ದೊರೆ ನನ್ನ ಕೈಗಿಟ್ಟು, "ಮೇಸ್ತ್ರಿ, ಭಾನುವಾರಕ್ಕೆ ಬೇಕು. ಮಣ್ಣಿನ ಬಣ್ಣ ಸಾಕು" ಎಂದರು. ನನಗಿಂತ ಮುಂಚಿನ ಮೇಸ್ತ್ರಿಯನ್ನು, ಒಂದೇ ಒಂದು ಕಂತೆ ನೂಲಿನ ಬಣ್ಣ ತಪ್ಪಿತೆಂದು ಮನೆಗೆ ಕಳಿಸಿದವರು ಇವರೇ.

"ಸೀಸಕ್ಕೆ ಬಣ್ಣ ಹಾಕೋಕೆ ನಿಮ್ಗೆ ಬತ್ತದಾ?" ಎಂದಳು ನನ್ನ ಹೆಂಡತಿ ಚೌಡಮ್ಮ.

"ನೂಲಿಗೆ ಹಾಕೋನಿಗೆ ಸೀಸ ಯಾವ ಲೆಕ್ಕ?"

ಕೂಲಿಗಳನ್ನೆಲ್ಲ ನೂಲಿನ ಲಡಿ ಕಟ್ಟುವಂತೆ ದಾರಕ್ಕೆ ಕಟ್ಟಿ, ಕುದಿಯುವ ಬಾನಿಗೆ ಇಳಿಬಿಟ್ಟೆ. ಬಣ್ಣ ಚೆನ್ನಾಗಿ ಹಿಡಿಯಲೆಂದು ಉರಿಯನ್ನೂ ಏರಿಸಿದೆ. ಮೇಲೆತ್ತಿದಾಗ ದಾರ ಸೊಗಸಾಗಿ ಮಣ್ಣಿನ ಬಣ್ಣ ಹೀರಿತ್ತು. ಕೂಲಿಗಳು ಎಣ್ಣೆಸ್ನಾನ ಮುಗಿಸಿದವರಂತೆ ಹೊಳೆಯುತ್ತಿದ್ದರು.

ನಾನು ಸೋಲುವವನೇ? ಮಗ್ಗದ ಹಾಸಿನ ನೂಲು ಹೇಳಿದ ಮಾತು ಕೇಳದಿದ್ದರೆ ನಾವು ಅದಕ್ಕೆ ಅಕ್ಕಿ ಗಂಜಿ ಬಳಿಯುತ್ತೇವೆ. ಇವರಿಗೂ ಅದೇ ಮದ್ದು! ಗಂಜಿಯನ್ನು ಮಂದವಾಗಿ ಕಾಯಿಸಿ, ಅದಕ್ಕೆ ಬಣ್ಣದ ಪುಡಿ ಕಲಸಿ ಬಳಿದೆ. ಅಂಟಿತು. ಮಣ್ಣಿನ ಬಣ್ಣ ಸಾಕೆಂದು ದೊರೆ ಹೇಳಿದ್ದು ನಿಜ. ಆದರೆ ಪಂಚೆಯನ್ನು ಅಂಚಿಲ್ಲದೆ ಬಿಡಲು ನೇಯ್ಗೆಯ ಮನೆಯವರ ಕೈ ಒಪ್ಪುತ್ತದೆಯೇ? ಕೆಂಪಂಚು ಇಟ್ಟೆ. ಅಂಚಿಗೆ ತಕ್ಕ ರುಮಾಲು. ರುಮಾಲಿಗೆ ತಕ್ಕ ಅಂಗವಸ್ತ್ರ. ತುಟಿಯ ಮೇಲೆ ಮೀಸೆ. ಹಣೆಗೆ ವಿಭೂತಿ.

ಚೌಡಮ್ಮ ಬಗ್ಗಿ ನೋಡಿದಳು. "ಇವ್ರು ಮೂಟೆ ಹೊರೋಕೆ ಹೊಂಟೋರಾ, ಹೆಣ್ಣು ಕೇಳೋಕೆ ಹೊಂಟೋರಾ?"

"ಕೂಲಿ ಆದ್ರೇನು, ಮರ್ಯಾದೆ ಬೇಡ್ವಾ?"

"ಅಂಗಾದ್ರೆ ಮೂಟೆ ನೀವೇ ಹೊತ್ಕೊಳ್ಳಿ."

ಭಾನುವಾರ ಬೆಳಿಗ್ಗೆ ಅವರನ್ನು ಅಂಗಳದ ಚಾಪೆಯ ಮೇಲೆ ಬಿಸಿಲಿಗೆ ನಿಲ್ಲಿಸಿ ಸ್ನಾನಕ್ಕೆ ಹೋದೆ. ಮೈಗೆ ಎರಡು ಚೊಂಬು ನೀರೂ ಬಿದ್ದಿರಲಿಲ್ಲ.

"ಸೀಕ್ರ ಬನ್ನಿ, ದೊರೆ ದಂಡನ್ನ ಪಕ್ಕದ್ಮನೆ ಕೋಳಿ ಮೇಯ್ತಾ ಐತೆ!" ಎಂದು ಚೌಡಮ್ಮ ಕೂಗಿದಳು.

ಒದ್ದೆ ಮೈಯಲ್ಲೇ ಓಡಿದೆ. ಅಕ್ಕಿ ಗಂಜಿಯಲ್ಲವೇ, ಕೋಳಿಗಳು ಅಂಚಿನಿಂದ ಶುರುಮಾಡಿ ವಿಭೂತಿಯವರೆಗೂ ಊಟ ಮುಗಿಸಿದ್ದವು. ಒಬ್ಬನಿಗೆ ಅರ್ಧ ರುಮಾಲು, ಇನ್ನೊಬ್ಬನಿಗೆ ಒಂದೇ ಕಡೆ ಮೀಸೆ. ಉಳಿದವರು ಹುಟ್ಟಿದ ಹಾಗೇ ಇದ್ದರು. ಮತ್ತೆ ಬಳಿಯಲು ಹೊತ್ತಿರಲಿಲ್ಲ.

ಕೂಲಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟಾಗ ಚೌಡಮ್ಮ ಮೊದಲ ಸಲ ಗೇಲಿ ಮಾಡಲಿಲ್ಲ. "ಮಿಲ್ಲು ಕೆಲ್ಸ ಹೋದ್ರೆ ಹೋಗ್ಲಿ. ಮನೇಲಿ ಮಗ್ಗ ಐತೆ. ನೆಟ್ಟಗೆ ನಿಜ ಹೇಳ್ಬಿಟ್ಟು ಬನ್ನಿ."

ದಾರಿಯುದ್ದಕ್ಕೂ ನಿಜವನ್ನೇ ಬಾಯಿಪಾಠ ಮಾಡಿದೆ. ಬಂಗಲೆಯಲ್ಲಿ ಯುದ್ಧ ಆಗಲೇ ಶುರುವಾಗಿತ್ತು. ಕೆಂಪು ಕೋಟಿನ ಸಿಪಾಯಿಗಳ ಮೇಲೆ ನೆಟ್ಟ ಕಣ್ಣು ತೆಗೆಯದೆ ದೊರೆ ಕೈಚಾಚಿ ಪೆಟ್ಟಿಗೆ ತೆಗೆದುಕೊಂಡರು. ಕೂಲಿಗಳನ್ನು ಕಡಲೆಕಾಯಿಯಂತೆ ಮುಷ್ಟಿಯಲ್ಲಿ ಬಾಚಿ, ಮರಳಿನ ಗುಡ್ಡದ ಹಿಂದೆ ಸುರಿದರು. ಕೆಲವರು ಮಕಾಡೆ ಬಿದ್ದರು. ಯಾರೂ ಎತ್ತಲಿಲ್ಲ.

"ದೊರೆ, ಬಣ್ಣ..." ಎಂದೆ.

"ಆಯ್ತು ಮೇಸ್ತ್ರಿ, ನಾಳೆ ಮಿಲ್ಲಿನಲ್ಲಿ ನೋಡೋಣ" ಎಂದರು, ಫಿರಂಗಿ ಸರಿಸುತ್ತ.

ನಾಳೆ ಮಿಲ್ಲಿನಲ್ಲಿ! ಹಾಗಾದರೆ ನಾಳೆಯೂ ನನಗೆ ಮಿಲ್ಲಿದೆ! ಬಾಯಿಪಾಠ ನುಂಗಿಕೊಂಡು ಹೊರಬಿದ್ದೆ.

ಮನೆಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದೆ.

"ಏನಂದ್ರು?"

"ನೋಡ್ಲೇ ಇಲ್ಲ."

"ಮೂಟೆ ಹೊರೋನ ಮೊಕ ಯಾವ ದೊರೆ ನೋಡವ್ನೆ? ಬದುಕಿದ್ರಿ ಬಿಡಿ."

ನಿಜ, ಬದುಕಿದ್ದೆ. ಹೋದ ಜೀವ ವಾಪಸು ಬಂದು ನೆಮ್ಮದಿಯಾಗಿ ಕೂತಿತ್ತು. ಕೂತ ಮೇಲೆ ಅದಕ್ಕೆ ಸ್ವಲ್ಪ ಜಂಬವೂ ಬಂತು.

"ಆದ್ರೂ ಅಷ್ಟು ಕಷ್ಟಪಟ್ಟು ಅಂಚು ಇಟ್ಟಿದ್ದೆ," ಎಂದೆ. "ಒಂದು ಸಲ ನೋಡಬಾರದಿತ್ತಾ ಆ ದೊರೆ?"

"ನೋಡೋಕೆ ಅಂಚೆಲ್ಲಿ ಉಳ್ದಿತ್ತು?" ಎಂದಳು ಚೌಡಮ್ಮ.

ನಾನು ಇನ್ನೊಂದು ಚೊಂಬು ನೀರು ಕೇಳಿದೆ.